ಹದಿನಾರು ಸಾಲಿನೊಳಗೆ ‘ಮಂಡಕ್ಕಿ ಮಿರ್ಚಿ’

ಕನ್ನಡದ ಒತ್ತು ಪಿಕ್ಸೆಲ್‌ನಲ್ಲಿ ಕೂರುವುದಿಲ್ಲ ಅಂತ ದಾವಣಗೆರೆಯ ಎಲ್‌ಇಡಿ ಬೋರ್ಡ್ ಕೆಲಸದವರು ಹೇಳುತ್ತಲೇ ಬಂದಿದ್ದರು. ಅದಕ್ಕೇ ನಾನೇ ಒಂದು ಪಿಕ್ಸೆಲ್ ಫಾಂಟ್ ಮಾಡಿದೆ. ಈಗ ಮೂರು ಪಿ10 ಪ್ಯಾನೆಲ್ (ಒಂದೊಂದೂ 32 ಕಾಲಂ, 16 ಸಾಲಿನ ಎಲ್‌ಇಡಿ ಹಲಗೆ) ಮೇಲೆ ಅದರ ‘ಮಂಡಕ್ಕಿ ಮಿರ್ಚಿ’ ರಸ್ತೆಯ ಆಚೆ ಬದಿಗೂ ಸಲೀಸಾಗಿ ಓದಿಸಿಕೊಳ್ಳುತ್ತಿದೆ. ಇಷ್ಟು ಸ್ವಚ್ಛವಾದ ಒತ್ತು ಬೇರೆ ಬೋರ್ಡ್‌ನಲ್ಲಿ ನಾನಂತೂ ಕಂಡಿಲ್ಲ.

ಮೊದಲು ಹಿಡಿದದ್ದು ಹಳೇ ವಿಡಿಯೋ ಗೇಮ್ ಅಕ್ಷರಗಳ 8×8 ಚೌಕ. ಒತ್ತಿಗೆ ಜಾಗವೇ ಉಳಿಯಲಿಲ್ಲ. 12 ಸಾಲಿಗೆ ಏರಿಸಿದರೆ ಅಕ್ಷರದ ಮೈಗೆ ನಾಲ್ಕೇ ಸಾಲು. ಪ, ವ, ಷ ಮೂರೂ ಒಂದೇ ಥರ. ಆಮೇಲೆ ದಪ್ಪ ಅಕ್ಷರಗಳನ್ನು 16 ಪಿಕ್ಸೆಲ್‌ಗೆ ಕುಗ್ಗಿಸಿ ಹೊರಗೆ ಟ್ರೇಸ್ ಮಾಡಿಸಿದೆ. ತಲೆಕಟ್ಟು ತುಂಡುತುಂಡಾಗಿ ಬಂತು, ಮೂರು ಸಾವಿರದಷ್ಟು ದುಡ್ಡು ನೀರಿಗೆ ಹೋಯಿತು. ಚೌಕ ಚೌಕವಾಗಿ ಕೈಯಲ್ಲೇ ತುಂಬಬೇಕು, ಬೇರೆ ದಾರಿಯಿಲ್ಲ.

ಕೊನೆಗೆ ಕೂತ ಲೆಕ್ಕ ಇದು: ತಲೆಕಟ್ಟು, ಗುಡಿಸಿಗೆ 4 ಸಾಲು, ಮೈಗೆ 6, ಖಾಲಿ 1, ಒತ್ತಿಗೆ 5. ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಎಮ್ (ಅಕ್ಷರದ ಪೂರ್ತಿ ಎತ್ತರ) 1024, ಪಿಕ್ಸೆಲ್‌ಗೆ 64 ಯೂನಿಟ್, ಅಸೆಂಟ್ (ಮೈಯ ಬುಡದಿಂದ ಮೇಲಕ್ಕೆ) 640, ಡಿಸೆಂಟ್ (ಅಲ್ಲಿಂದ ಕೆಳಕ್ಕೆ) 384. ವಿಂಡೋಸ್‌ಗೆಂದೇ ಇರುವ ‘ವಿನ್ ಡಿಸೆಂಟ್’ ಕೂಡ 384 ಇಡದಿದ್ದರೆ ವಿಂಡೋಸ್‌ನಲ್ಲಿ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ಮ 12 ಕಾಲಂ, ಡ ಮತ್ತು ಚ 9; ಇಡೀ ‘ಮಂಡಕ್ಕಿ ಮಿರ್ಚಿ’ 75ರ ಆಸುಪಾಸು. ಮೂರು ಪ್ಯಾನೆಲ್‌ನ 96 ಕಾಲಂನಲ್ಲಿ ಆರಾಮ.

ಹೆಚ್ಚು ದಿನ ತಿಂದದ್ದು ಒತ್ತಿನ ನಿಯಮ. ಫಾಂಟ್‌ನಲ್ಲಿ ಕನ್ನಡಕ್ಕಿರುವ ಹೊಸ ಗುರುತು ಕೆಎನ್‌ಡಿ2. ಅದರಲ್ಲಿ ಬಿಎಲ್‌ಡಬ್ಲ್ಯುಎಫ್‌ಗೆ (ವ್ಯಂಜನವನ್ನು ಒತ್ತಾಗಿಸುವ ನಿಯಮ) ಮೊದಲು ಹಲಂತ, ಆಮೇಲೆ ವ್ಯಂಜನ ಕೊಡಬೇಕು. ಹಳೇ ಕೆಎನ್‌ಡಿಎ ಕ್ರಮದಂತೆ ತಿರುಗಿಸಿ ಕೊಟ್ಟಿದ್ದರಿಂದ ‘ಕ್ಕಿ’ ಒಡೆದು ನಿಂತಿತ್ತು. ಅರ್ಕಾವತ್ತಿನ ನಿಯಮ ಆರ್‌ಪಿಎಚ್‌ಎಫ್ ಬರೆಯದೆ ಬಿಟ್ಟರೆ ‘ರ್ಚಿ’ಯ ಅರ್ಕಾವತ್ತು ಹೋಗಿ ‘ರಿ’ಗೆ ಚ ಒತ್ತು ಬೀಳುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತನ್ನು ಐದೇ ಸಾಲಿನಲ್ಲಿ ಕೂರಿಸಿದ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಪರದೆಯಲ್ಲಿ ಚೆನ್ನಾಗಿದ್ದದ್ದು ಬೋರ್ಡ್‌ನಲ್ಲಿ ಕೆಟ್ಟಿತು. ಒಂದೇ ಪಿಕ್ಸೆಲ್‌ನ ಖಾಲಿ ಜಾಗ ಅಕ್ಕಪಕ್ಕದ ಬೆಳಕಿಗೆ ಮುಚ್ಚಿಹೋಗುತ್ತದೆ. ಅಕ್ಷರದ ಹೊಟ್ಟೆಗೆ ಎರಡು ಕಾಲಂ ಕೊಡಲೇಬೇಕು. ಅದಕ್ಕೇ ಮ ಅಷ್ಟು ಅಗಲ. ಬೋರ್ಡ್ ನಡೆಸುವ ನನ್ನ ಕಂಟ್ರೋಲರ್ ಕಾರ್ಡ್‌ನ ಸಾಫ್ಟ್‌ವೇರ್‌ಗೆ ಒತ್ತು ಜೋಡಿಸಲು ಬರುವುದಿಲ್ಲ. ಫೋಟೋಶಾಪ್‌ನಲ್ಲಿ ಆಂಟಿ ಅಲಿಯಾಸ್ (ಅಂಚು ನಯ ಮಾಡುವುದು) ತೆಗೆದು 96×16ರ ಕಪ್ಪುಬಿಳುಪು ಬಿಎಂಪಿ ಚಿತ್ರ ಮಾಡಿ ಹಾಕುತ್ತೇನೆ. ಫಾಂಟ್ ಅಳತೆ 16, 32, 48 ಮಾತ್ರ. 24 ಇಟ್ಟರೆ ಅಂಚು ಕಲಸಿಹೋಗುತ್ತದೆ. ಪ್ಯಾನೆಲ್, 5 ವೋಲ್ಟ್ ಸಪ್ಲೈ, ಕಾರ್ಡ್ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಬಂತು.

ನಡುವೆ ಇದನ್ನೇ 58 ಮಿ.ಮೀ. ಬಿಲ್ ಪ್ರಿಂಟರ್‌ಗೂ ಹಾಕಿ ನೋಡಿದೆ. ಸಾಲಿಗೆ 384 ಚುಕ್ಕಿ, ಮಿ.ಮೀ.ಗೆ 8. 16ರ ಅಳತೆ ಎರಡೇ ಮಿ.ಮೀ., ಓದಲಾಗದು, 32 ಇಟ್ಟರೆ ಸರಿ. ಇದು ಬಿಸಿಯಿಂದ ಅಚ್ಚು ಹಾಕುವ ಪ್ರಿಂಟರ್; ಬಿಸಿ ಹೆಚ್ಚಾದರೆ ಷ ಒಳಗಿನ ಗೆರೆ ಹರಡಿ ಕಪ್ಪು ಮುದ್ದೆಯಾಗುತ್ತದೆ. ಡೆನ್ಸಿಟಿ (ಅಚ್ಚಿನ ಗಾಢತೆ) ಒಂದು ಹಂತ ಇಳಿಸಿದ ಮೇಲೆ ‘ಷ’ ಬಿಡಿಸಿ ಬಂತು.