ಗೋದಾಮಿನ ಕೆಳಗಿನ ರನ್‌ವೇ: ಒಂದು ಬಾಂಬರ್ ತರಬೇತಿ ಘಟಕದ ಚರಿತ್ರೆ ಹುಡುಕಿದ ನನ್ನ ಅನುಭವ

ನಾನು ಇತಿಹಾಸ ಓದಿದವನಲ್ಲ. ಊರು ಕೋಲಾರದ ಕಡೆ, ಇರುವುದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ, ಕೆಲಸ ಗೋದಾಮುಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು. ಲಿಚ್‌ಫೀಲ್ಡ್ ಪಕ್ಕದಲ್ಲಿ ಫ್ರಾಡ್ಲಿ ಅಂತ ಒಂದು ಹಳ್ಳಿ ಇದೆ, ಎಲ್ಲಿ ನೋಡಿದರೂ ಗೋದಾಮು, ಲಾರಿ. ಒಂದು ದಿನ ಊಟದ ಬಿಡುವಿನಲ್ಲಿ ಸುಮ್ನೆ ನಡೆಯುತ್ತಾ ಸೇಂಟ್ ಸ್ಟೀಫನ್ ಚರ್ಚಿನ ಅಂಗಳಕ್ಕೆ ಹೋದೆ. ಬಿಳಿ ಸಮಾಧಿ ಕಲ್ಲುಗಳ ಸಾಲು. ಬಹಳಷ್ಟರ ಮೇಲೆ ಆಸ್ಟ್ರೇಲಿಯಾ ವಾಯುಪಡೆಯ ಗುರುತು. ವಯಸ್ಸು ನೋಡಿದರೆ ಇಪ್ಪತ್ತರ ಆಸುಪಾಸು. ಅಕ್ಕಪಕ್ಕದ ಕಲ್ಲುಗಳ ಮೇಲೆ ಒಂದೇ ತಾರೀಖು. ಎಲ್ಲ ಎರಡನೇ ಮಹಾಯುದ್ಧದ ಕಾಲದವು. ಯುದ್ಧ ನಡೆದದ್ದು ಜರ್ಮನಿಯ ಮೇಲೆ, ಇವರು ಇಲ್ಲಿ ಯಾಕೆ ಮಲಗಿದ್ದಾರೆ?

ನಾನು ಕೆಲಸ ಮಾಡುವ ಜಾಗವೇ ಆಗ ವಾಯುಪಡೆಯ ವಿಮಾನ ನಿಲ್ದಾಣವಾಗಿತ್ತು ಅಂತ ಆಮೇಲೆ ಗೊತ್ತಾಯಿತು. 1941ರ ಏಪ್ರಿಲ್‌ನಲ್ಲಿ ಅಲ್ಲಿ ಶುರುವಾದದ್ದು 27ನೇ ಆಪರೇಷನಲ್ ಟ್ರೈನಿಂಗ್ ಯೂನಿಟ್, ಚಿಕ್ಕದಾಗಿ 27 ಓಟಿಯು. ಎರಡು ಇಂಜಿನ್ನಿನ ವೆಲಿಂಗ್ಟನ್ ಬಾಂಬರ್‌ಗಳು, ಡರ್ಬಿಶೈರ್‌ನ ಚರ್ಚ್ ಬ್ರೌಟನ್‌ನಲ್ಲಿ ಇನ್ನೊಂದು ಉಪನಿಲ್ದಾಣ. ಬಂದವರಲ್ಲಿ ಆಸ್ಟ್ರೇಲಿಯಾದವರೇ ಜಾಸ್ತಿ.

ಓಟಿಯು ಅಂದರೆ ವಿಮಾನ ಓಡಿಸಲು ಕಲಿಸುವ ಶಾಲೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ಓಡಿಸುವುದನ್ನು, ದಾರಿ ಲೆಕ್ಕ ಹಾಕುವುದನ್ನು, ವೈರ್‌ಲೆಸ್ ಬಡಿಯುವುದನ್ನು ಅವರು ಬೇರೆ ಬೇರೆ ಶಾಲೆಗಳಲ್ಲಿ ಕಲಿತೇ ಬರುತ್ತಿದ್ದರು. ಇಲ್ಲಿ ಆಗುತ್ತಿದ್ದದ್ದು ತಂಡ ಕಟ್ಟುವುದು. ಪೈಲಟ್, ನ್ಯಾವಿಗೇಟರ್, ಬಾಂಬಿಗೆ ಗುರಿ ಹಿಡಿಯುವ ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಗನ್ನರ್ ಎಲ್ಲರನ್ನೂ ಒಂದು ದೊಡ್ಡ ಹ್ಯಾಂಗರಿಗೆ ಬಿಟ್ಟು, ನೀವೇ ನೋಡಿಕೊಂಡು ಜೊತೆಯಾಗಿ ಅಂತ ಹೇಳಿಬಿಡುತ್ತಿದ್ದರು. ಜಾತಕ ಇಲ್ಲ, ಬ್ರೋಕರ್ ಇಲ್ಲ, ಅರ್ಧ ದಿನದಲ್ಲಿ ಸಂಬಂಧ ಕುದುರಬೇಕು. ಅಷ್ಟು ಕಟ್ಟುನಿಟ್ಟಿನ ವಾಯುಪಡೆ ಈ ಒಂದು ವಿಷಯದಲ್ಲಿ ಮಾತ್ರ ಕೈಬಿಟ್ಟು ಕೂತಿತ್ತು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಆಮೇಲೆ ಹತ್ತು-ಹನ್ನೆರಡು ವಾರ, ಒಟ್ಟು ಸುಮಾರು 80 ಗಂಟೆ ಹಾರಾಟ. ಮೊದಲು ನಿಲ್ದಾಣದ ಸುತ್ತ ಏರುವುದು, ಇಳಿಯುವುದು. ಆಮೇಲೆ ರಾತ್ರಿ ದೂರದ ಹಾರಾಟ. ಕೊನೆಗೆ ಹಲವು ತಂಡಗಳು ಫ್ರಾನ್ಸಿನ ಮೇಲೆ ಕರಪತ್ರ ಬೀಳಿಸಿ ಬರಬೇಕು, ಅದಕ್ಕೆ ನಿಕಲ್ ಅಂತ ಹೆಸರು. ಅಲ್ಲಿಂದ ನಾಲ್ಕು ಇಂಜಿನ್ನಿನ ವಿಮಾನ ಕಲಿಸುವ ಹೆವಿ ಕನ್ವರ್ಷನ್ ಯೂನಿಟ್‌ಗೆ. ಅಲ್ಲಿ ಇನ್ನಿಬ್ಬರು ಸೇರಿ ಏಳು ಜನ.

ಈಗ ಹುಡುಕಿದ ರೀತಿ ಹೇಳುತ್ತೇನೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಓದುಗರ ಕಾರ್ಡು ಉಚಿತ, ನಮ್ಮ ಫೋನಿನಲ್ಲೇ ಫೋಟೋ ತೆಗೆದುಕೊಳ್ಳಬಹುದು. ಮೊದಲ ಸಲ ರಜೆ ಹಾಕಿ ಹೋಗಿ ಏರ್ 28 ಅನ್ನುವ ಸರಣಿಯ ಫೈಲು ತರಿಸಿದೆ. ಅದು ನಿಲ್ದಾಣದ ಡೈರಿ, ಘಟಕದ್ದಲ್ಲ. ಸ್ಕ್ವಾಡ್ರನ್‌ಗಳದ್ದು, ಅಂದರೆ ದಾಳಿಗೆ ಹೋಗುವ ತುಕಡಿಗಳದ್ದು, ಏರ್ 27, ಓಟಿಯುಗಳದ್ದು ಏರ್ 29. ಒಂದು ದಿನ ಹಾಳು. ಲಿಚ್‌ಫೀಲ್ಡ್‌ನಲ್ಲಿ ವಿಮಾನ ಸಜ್ಜು ಮಾಡಿ ಕಳಿಸುವ 51ನೇ ಮೇಂಟೆನೆನ್ಸ್ ಯೂನಿಟ್ ಕೂಡ ಇತ್ತು, ಹಾಗಾಗಿ ಅಲ್ಲಿ ನಿಂತಿದ್ದ ವಿಮಾನವೆಲ್ಲ ಓಟಿಯುದ್ದೇ ಅಂತ ಬರೆದುಕೊಂಡರೆ ಕೆಟ್ಟಿರಿ. ನಾನು ಬರೆದುಕೊಂಡಿದ್ದೆ.

ಎರಡನೇ ಸಲ ಸರಿಯಾದ ಡೈರಿ ಸಿಕ್ಕಿತು. ಫಾರ್ಮ್ 540 ಅಂತ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ಓದಿ ಬೇಜಾರಾಯಿತು. ಹಗಲು ಇಷ್ಟು ಗಂಟೆ, ರಾತ್ರಿ ಇಷ್ಟು ಗಂಟೆ, ಮಂಜಿನಿಂದ ಹಾರಾಟ ಇಲ್ಲ, ಇಷ್ಟು ತಂಡಗಳು ಹೋದವು. ಸ್ಕ್ವಾಡ್ರನ್ ಡೈರಿಯಲ್ಲಾದರೆ ಪ್ರತಿ ದಾಳಿಗೂ ಯಾರು ಯಾವ ವಿಮಾನದಲ್ಲಿ ಅಂತ ಇರುತ್ತದೆ. ಇಲ್ಲಿ ಮಾಮೂಲಿ ಹುಡುಗರ ಹೆಸರು ಡೈರಿಗೆ ಬರಬೇಕಾದರೆ ಸಾಮಾನ್ಯವಾಗಿ ಅವರು ಬಿದ್ದಿರಬೇಕು.

ಹಾಗಾಗಿ ಸಮಾಧಿಯಿಂದ ಹಿಂದಕ್ಕೆ ಹೋದೆ. ಕಲ್ಲಿನ ಮೇಲಿನ ಹೆಸರು, ಸೇವಾ ಸಂಖ್ಯೆ, ತಾರೀಖು. ಅದನ್ನು ಹಿಡಿದು ವಿಮಾನದ ಸೀರಿಯಲ್ ನಂಬರ್. ಅಲ್ಲಿಂದ ಹೆಂಡನ್‌ನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವ ಅಪಘಾತ ಕಾರ್ಡು, ಫಾರ್ಮ್ 1180. ಆದರೆ ನಿಜವಾದ ನಿಧಿ ಸಿಕ್ಕಿದ್ದು ಕ್ಯಾನ್ಬೆರಾದಲ್ಲಿ. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್‌ನ ಎ705 ಸರಣಿಯಲ್ಲಿ ಸತ್ತವರ, ಕಾಣೆಯಾದವರ ಫೈಲುಗಳಿವೆ, ಎಷ್ಟೋ ಫೈಲು ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತವೆ. ಕೆಲವದರಲ್ಲಿ ವಿಚಾರಣೆಯ ಸಾರಾಂಶ, ಮನೆಗೆ ಹೋದ ತಂತಿ, ವಾಪಸ್ ಕಳಿಸಿದ ಸಾಮಾನಿನ ಪಟ್ಟಿ. ಸಾಕ್ಸು ಎಷ್ಟು ಜೊತೆ, ಕ್ಯಾಮೆರಾ ಇತ್ತಾ, ಎಲ್ಲ. ಮಗನ ವಾಚು ಎಲ್ಲಿ ಅಂತ ಕೇಳುವ ಅಮ್ಮಂದಿರ ಕಾಗದ. ರಾತ್ರಿ ಊಟ ಆದಮೇಲೆ ಇದನ್ನು ಓದಬಾರದು ಅಂತ ಹೆಂಡತಿ ಕಟ್ಟಪ್ಪಣೆ ಮಾಡಿದಳು.

ಲೆಕ್ಕ ಇಡುವುದು ನನ್ನ ಕಸುಬು, ಆದರೂ ಅದರಲ್ಲೇ ಎಡವಿದೆ. ಸಮಾಧಿಯ ತಾರೀಖು ಒಂದು, ಡೈರಿಯದ್ದು ಇನ್ನೊಂದು. ನಾನು ಡೈರಿಯದ್ದೇ ಸರಿ ಅಂತ ಎಲ್ಲವನ್ನೂ ತಿದ್ದಿಬಿಟ್ಟೆ. ರಾತ್ರಿ ಹತ್ತಕ್ಕೆ ಹೊರಟ ವಿಮಾನ ನಡುರಾತ್ರಿ ದಾಟಿ ಬಿದ್ದರೆ ಎರಡೂ ಸರಿಯೇ ಅಲ್ವಾ? ಸಾಲದ್ದಕ್ಕೆ ಯುದ್ಧದ ಬೇಸಿಗೆಗಳಲ್ಲಿ ಬ್ರಿಟನ್ ಗಡಿಯಾರವನ್ನು ಎರಡು ಗಂಟೆ ಮುಂದಿಟ್ಟಿತ್ತು, ಒಂದು ಕಾಗದ ಗ್ರೀನಿಚ್ ಸಮಯ ಹೇಳಿದರೆ ಇನ್ನೊಂದು ಊರಿನ ಸಮಯ ಹೇಳುತ್ತದೆ. ಮೂರು ತಿಂಗಳ ಕೆಲಸ ಮತ್ತೆ ಮಾಡಿದೆ. ಈಗ ಒಂದೊಂದು ದಾಖಲೆಗೂ ಬೇರೆ ಕಾಲಮ್, ಯಾವುದನ್ನೂ ಅಳಿಸುವುದಿಲ್ಲ. ಗ್ರೂಪ್ ಅಂದರೆ ಹಲವು ಘಟಕಗಳನ್ನು ಸೇರಿಸಿದ ಮೇಲಿನ ವಿಭಾಗ, ಅದರ ನಂಬರ್ ಇನ್ನೊಂದು ಕಾಟ. 1942ರ ಮೇವರೆಗೆ 6ನೇ ಗ್ರೂಪ್ ಅಂದರೆ ತರಬೇತಿ ಗ್ರೂಪ್, ಆಮೇಲೆ ಅದು 91 ಆಯಿತು. 1943ರಿಂದ 6 ಅಂದರೆ ಕೆನಡಾದವರದ್ದು.

ವಿಮಾನಗಳ ವಿಷಯಕ್ಕೆ ಬಂದರೆ, ಓಟಿಯುಗಳಿಗೆ ಬರುತ್ತಿದ್ದವು ಎಷ್ಟೋ ಸಲ ಸ್ಕ್ವಾಡ್ರನ್‌ಗಳಲ್ಲಿ ದುಡಿದು ಸವೆದವು. ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ ಒಂದು ವೆಲಿಂಗ್ಟನ್ ಇದೆ, ಎನ್2980. 1939ರ ಡಿಸೆಂಬರ್‌ನಲ್ಲಿ ಜರ್ಮನ್ ಫೈಟರ್‌ಗಳಿಂದ ತಪ್ಪಿಸಿಕೊಂಡು ಬಂದದ್ದು, ಸ್ಕಾಟ್ಲೆಂಡಿನ 20 ಓಟಿಯುಗೆ ಹೋಗಿ, 1940ರ ಡಿಸೆಂಬರ್ 31ರಂದು ತರಬೇತಿ ಹಾರಾಟದಲ್ಲಿ ಒಂದು ಇಂಜಿನ್ ಕೈಕೊಟ್ಟು ನೆಸ್ ಸರೋವರಕ್ಕೆ ಬಿತ್ತು. ಅದನ್ನು ಕಂಡುಹಿಡಿದವರು ಸರೋವರದ ಭೂತ ಹುಡುಕುತ್ತಿದ್ದವರು! 1985ರಲ್ಲಿ ಮೇಲೆತ್ತಿದರು. ಅದರ ಜಾಲರಿ ಚೌಕಟ್ಟನ್ನು, ಮೇಲೆ ಹೊದಿಸುತ್ತಿದ್ದ ಬಟ್ಟೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅಪಘಾತ ಕಾರ್ಡುಗಳ ಭಾಷೆ ಅರ್ಥವಾಗತೊಡಗಿತು. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತ 55,573 ಜನರಲ್ಲಿ ಸುಮಾರು 8,000 ಮಂದಿ ತರಬೇತಿ ಮತ್ತು ಅಪಘಾತಗಳಲ್ಲೇ ಹೋದವರು.

ಕನ್ವರ್ಷನ್ ಯೂನಿಟ್‌ಗಳ ಪಟ್ಟಿ ನೋಡುವಾಗ ಒಂದು ರಾತ್ರಿ ಕುರ್ಚಿಯಿಂದ ಎದ್ದು ನಿಂತೆ. 1673 ಹೆವಿ ಕನ್ವರ್ಷನ್ ಯೂನಿಟ್, ಕೋಲಾರ. 1944ರ ನವೆಂಬರ್‌ನಲ್ಲಿ ಅದರಿಂದಲೇ ಲಿಬರೇಟರ್ ಬಾಂಬರ್‌ಗಳ 358ನೇ ಸ್ಕ್ವಾಡ್ರನ್ ನಮ್ಮೂರಲ್ಲಿ ಹುಟ್ಟಿತ್ತು. ಯಲಹಂಕದಲ್ಲಿ ಮಸ್ಕಿಟೊ ವಿಮಾನ ಕಲಿಸುವ 1672ನೇ ಯೂನಿಟ್. ಅಪ್ಪನಿಗೆ ಫೋನ್ ಮಾಡಿದರೆ, "ನಾಲ್ಕು ಇಂಜಿನ್ನಿನ ಬಾಂಬರ್ ನಮ್ಮ ಕೋಲಾರದಲ್ಲಾ? ಮಲಗಪ್ಪಾ, ಹೊತ್ತಾಯ್ತು" ಅಂದರು.

ಎರಡು ವರ್ಷ ಆದಮೇಲೆ ನನ್ನ ಪಟ್ಟಿಯನ್ನು ಮೊದಲಿಂದ ಓದಿದೆ. ಬರೀ ಬಿದ್ದ ವಿಮಾನಗಳು. ಇದನ್ನೇ ಘಟಕದ ಚರಿತ್ರೆ ಅಂದರೆ ಸುಳ್ಳಾಗುತ್ತದೆ, ಬಹುಪಾಲು ಹುಡುಗರು ಹತ್ತು ವಾರ ಮುಗಿಸಿ ಮುಂದಕ್ಕೆ ಹೋದವರೇ ತಾನೇ. ಅವರು ಸಿಗುವುದು ತಮ್ಮ ಹಾರಾಟಗಳನ್ನು ಬರೆದಿಟ್ಟ ಅವರದ್ದೇ ಲಾಗ್‌ಬುಕ್ಕಿನಲ್ಲಿ. ಒಬ್ಬ ವೈರ್‌ಲೆಸ್ ಆಪರೇಟರ್‌ನ ಮನೆಯವರು ತಮ್ಮಲ್ಲಿದ್ದ ಲಾಗ್‌ಬುಕ್ಕಿನ ಫೋಟೋ ಕಳಿಸಿದರು. ರಾತ್ರಿಯ ಹಾರಾಟ ಕೆಂಪು ಶಾಯಿಯಲ್ಲಿ. ಸಾಲಿನ ಕೊನೆಗೆ ಮತ್ತೆ ಮತ್ತೆ ಡಿಸಿಒ ಅಂತ ಮೂರಕ್ಷರ. ಹೇಳಿದ ಕೆಲಸ ಮುಗಿಸಿದೆವು ಅಂತ ಅರ್ಥ. ಅವತ್ತು ಫೈಲಿನಲ್ಲಿ ಎರಡನೇ ಶೀಟ್ ತೆರೆದೆ, ಏನೂ ಆಗದ ಹಾರಾಟಗಳಿಗೆ. ಅದರಲ್ಲಿ ಈಗ 212 ಸಾಲುಗಳಿವೆ.