ಬೋರಿನ ನೀರು ಒಲ್ಲದ ಗಿಡ

ನಮ್ಮದು ಚಳ್ಳಕೆರೆ ಸೀಮೆಯ ಹೈಸ್ಕೂಲು. ಸುತ್ತ ಶೇಂಗಾ ಹೊಲ, ಬಳ್ಳಾರಿ ಜಾಲಿ. ಒಂಬತ್ತನೇ ತರಗತಿಗೆ ಮಾರ್ಕಾಂಶಿಯಾ ಅನ್ನೋ ಹೂ ಬಿಡದ ಪುಟ್ಟ ಗಿಡದ ಪಾಠ ಮಾಡುತ್ತ, “ಇದು ತೇವದ, ನೆರಳಿನ ಹಳ್ಳದ ದಂಡೆಯಲ್ಲಿ ಬೆಳೆಯುತ್ತೆ” ಅಂದೆ. ಹಿಂದಿನ ಬೆಂಚಿನಿಂದ ಒಬ್ಬ, “ಸಾ, ನಮ್ಮ ಹಳ್ಳದಾಗೆ ನೀರೇ ಇಲ್ವಲ್ಲ” ಅಂದ. ಅವನನ್ನು ಗದರುವುದು ಹೇಗೆ? ನಾನೂ ಆ ಗಿಡವನ್ನು ಫಾರ್ಮಲಿನ್ ಬಾಟಲಿಯಲ್ಲಿ ಬಿಳುಚಿದ್ದನ್ನಷ್ಟೇ ಕಂಡಿದ್ದು.

ನನ್ನ ಹೆಂಡತಿಯ ತವರು ತೀರ್ಥಹಳ್ಳಿ ಕಡೆ. ದಸರಾ ರಜೆಗೆ ಹೋದಾಗ ಅಡಿಕೆ ತೋಟದ ಬಸಿಗಾಲುವೆ ಬದಿಗೆ ಕೂತು ಹುಡುಕಿದೆ. ಎಲೆಯಿಲ್ಲ, ಕಾಂಡವಿಲ್ಲ; ಹಸಿರು ಪಟ್ಟಿ ಕವಲೊಡೆಯುತ್ತ ಮಣ್ಣಿಗೆ ಅಂಟಿಕೊಂಡಿತ್ತು. ಲೆನ್ಸ್ ಹಿಡಿದರೆ ಮೈತುಂಬ ಸಣ್ಣ ಸಣ್ಣ ಮನೆಗಳ ಗೆರೆ, ಪ್ರತಿ ಮನೆಯ ನಡುವೆ ಸೂಜಿಮೊನೆಯಷ್ಟು ರಂಧ್ರ. ಬೇವಿನೆಲೆಯ ರಂಧ್ರ ಮುಚ್ಚಿಕೊಳ್ಳುತ್ತೆ, ಇವಕ್ಕೆ ಹಾಗೆ ಬಿಗಿಯಾಗಿ ಮುಚ್ಚಿಕೊಳ್ಳಲು ಬಾರದು. ಒಣಗಾಳಿಗೆ ಇದು ಹೆದರುವುದಕ್ಕೆ ಅದೂ ಒಂದು ಕಾರಣ. “ಅಳಿಯಂದಿರು ಪಾಚಿ ಹೊತ್ಕೊಂಡು ಹೊರಟ್ರು” ಅಂತ ಮಾವ ನಕ್ಕರು.

ಊರಿಗೆ ತಂದು ಪಾರದರ್ಶಕ ಡಬ್ಬಿಯಲ್ಲಿಟ್ಟು ದಿನಾ ನೀರು ಚಿಮುಕಿಸಿದೆ. ಎರಡು ವಾರದಲ್ಲಿ ಅಂಚೆಲ್ಲ ಕಂದಿ, ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತು. ನೀರು ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಇನ್ನಷ್ಟು ಬೇಗ ಸತ್ತಿತು. ಶಾಲೆಯ ಟೀ ಪಾತ್ರೆಯ ತಳದಲ್ಲೂ ಅದೇ ಬಿಳಿ ಪೊರೆ ಕಂಡ ಮೇಲೆ ತಲೆಗೆ ಹೊಳೆಯಿತು: ಅದು ಬೋರಿನ ಗಡುಸು ನೀರು.

ಎರಡನೇ ಸಲ ಬದಲಿಸಿದ್ದು ನೀರನ್ನೇ. ನಮ್ಮ ಕಡೆ ಬೋರ್‌ನೀರಲ್ಲಿ ಫ್ಲೋರೈಡ್ ಕಾಟ ಇರುವುದರಿಂದ ಊರೂರಿಗೆ ಶುದ್ಧ ನೀರಿನ ಘಟಕ ಇದೆಯಲ್ಲ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಅಲ್ಲಿ ನೀರಿನ ಗಡುಸೂ ಕಳೆಯುತ್ತೆ. ಮನೆಗೆ ತರುವ ಅದೇ ನೀರಲ್ಲಿ ಇದಕ್ಕೂ ಒಂದು ಲೋಟ. ಮಣ್ಣಿನ ಬದಲು ನೆನೆಸಿದ ಇಟ್ಟಿಗೆ ಚೂರು. ಮೇಲಿಂದ ಚಿಮುಕಿಸಲಿಲ್ಲ, ಡಬ್ಬಿಯ ತಳದಲ್ಲಿ ಅರ್ಧ ಬೆರಳು ನೀರು ನಿಲ್ಲಿಸಿದೆ, ಇಟ್ಟಿಗೆ ತಾನೇ ಹೀರಿಕೊಂಡಿತು. ಮುಚ್ಚಳವನ್ನು ದಿನಕ್ಕೊಮ್ಮೆ ತೆಗೆದರೆ ಸಾಕು. ಬೇಸಿಗೆಯಲ್ಲಿ ಆರ್‌ಸಿಸಿ ಕೋಣೆ ಕಾದ ಕಾವಲಿ, ಹಾಗಾಗಿ ಬಿಸಿಯೂಟದ ಅಕ್ಕ ನೀರಿನ ಹರವಿಯ ಪಕ್ಕ, ಒದ್ದೆ ಮರಳ ಮೇಲೆ ಅದಕ್ಕೂ ಜಾಗ ಕೊಟ್ಟರು.

ಮಕ್ಕಳಿಗೆ ಹಿಡಿಸಿದ್ದು ಅದರ ಬಟ್ಟಲುಗಳು. ಪಟ್ಟಿಯ ಮೇಲೆ ಹಲ್ಲಂಚಿನ ಪುಟ್ಟ ಬಟ್ಟಲು, ಒಳಗೆ ಸಾಸಿವೆಗಿಂತ ಚಿಕ್ಕ ಹಸಿರು ಬಿಲ್ಲೆಗಳು, ಜೆಮ್ಮಾ ಅಂತಾರೆ. ಡ್ರಾಪರ್ ಹಿಡಿದು ಆಳೆತ್ತರದಿಂದ ಹನಿ ಬಿಟ್ಟೆವು. ನಾಲ್ಕೈದು ಹನಿ ಗುರಿ ತಪ್ಪಿದವು. ಆಮೇಲೊಂದು ನೇರ ಬಟ್ಟಲಿಗೆ ಬಿದ್ದದ್ದೇ ತಡ, ಸುತ್ತ ಹಾಸಿದ್ದ ಬಿಳಿ ಹಾಳೆ ಮೇಲೆ ಹಸಿರು ಚುಕ್ಕೆ! ಒಂದು ಹುಡುಗಿ ಗೇಣು ಹಾಕಿ ಅಳೆದಳು: ಒಂದೂವರೆ. ಬಟ್ಟಲಲ್ಲಿರುವಷ್ಟು ದಿನ ಅವು ಮೊಳೆಯುವುದಿಲ್ಲ. ಹೊರಬಿದ್ದ ಮೇಲೆ ಬೆಳಕು ಕಂಡ ಮೈ ಬೆನ್ನಾಗುತ್ತೆ, ನೆರಳಿನ ಮೈ ಬೇರುಗೂದಲು ಬಿಡುತ್ತೆ. ಹಾಳೆಯಿಂದ ಇಟ್ಟಿಗೆಗೆ ದಾಟಿಸಿದ್ದರಲ್ಲಿ ಎಂಟು ಹಿಡಿದವು.

ಪುಸ್ತಕದ ಚಿತ್ರದಲ್ಲಿರುವ, ಗಂಡು-ಹೆಣ್ಣು ಅಂಗ ಹೊತ್ತು ನಿಲ್ಲುವ ಕೊಡೆ ಮಾತ್ರ ನಮ್ಮ ಡಬ್ಬಿಯಲ್ಲಿ ಇವತ್ತಿಗೂ ಬಿಚ್ಚಿಲ್ಲ.

ಹೋದ ಮಳೆಗಾಲದಲ್ಲಿ ಅದೇ ಹಿಂದಿನ ಬೆಂಚಿನವನು ಗೋಕಟ್ಟೆ ದಂಡೆಯ ಒಂದು ಹೆಂಟೆ ತಂದು ಮೇಜಿನ ಮೇಲಿಟ್ಟ. “ಸಾ, ಇದೂ ಅದೇ ವಂಶದ್ದಾ?” ನಾಣ್ಯದಗಲದ ಹಸಿರು ಹೂವಿನಾಕಾರ, ಕವಲು ಕವಲು, ನಡುವೆ ಗೀರು, ಬಟ್ಟಲಿಲ್ಲ. ರಿಕ್ಸಿಯಾ, ಮಾರ್ಕಾಂಶಿಯಾದ ನೆಂಟ! ಇಷ್ಟು ವರ್ಷ ಅದೇ ದಂಡೆಯಲ್ಲಿ ಬೈಕ್ ತೊಳೆದಿದ್ದೇನೆ. ಈಗ ಆ ಹೆಂಟೆ ಒಣಗಿ, ಕಾಗದದಲ್ಲಿ ಸುತ್ತಿಕೊಂಡು ಬೀರುವಿನಲ್ಲಿದೆ. ಮುಂಗಾರು ಬಿದ್ದ ಮೇಲೆ ನೆನೆಸಿ, ಮತ್ತೆ ಹಸಿರಾಗುತ್ತಾ ನೋಡಬೇಕು. ಇದಕ್ಕೆ ಕ್ಯಾನಿನ ನೀರಲ್ಲ, ಗೋಕಟ್ಟೆಯದೇ.