ಕಾರವಾರದ ಮಳೆಗಾಲದಲ್ಲಿ ಒಣಗಿದ ಪೌಚ್: ನನ್ನ ಅನುಭವ

ನನ್ನದು ಹಲ್ಲಿನ ಕ್ಲಿನಿಕ್. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಪೌಚ್‌ಗೆ (ಒಂದು ಕಡೆ ಪೇಪರ್, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುವ ಚೀಲ) ಹಾಕಿ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಮಷಿನ್‌ನಲ್ಲಿ ಇಡುತ್ತೇವೆ. ಪ್ರತಿ ರೋಗಿಗೂ ಹೀಗೆ ಆಟೋಕ್ಲೇವ್ ಆದ ಹ್ಯಾಂಡ್‌ಪೀಸ್ ಅಂದಾಗ ಶಿರಸಿಯ ಗೆಳೆಯನೊಬ್ಬ ಜೋರಾಗಿ ನಕ್ಕಿದ್ದ. "ಜುಲೈನಲ್ಲಿ ನಿಮ್ಮಲ್ಲಿ ಟವೆಲ್ಲೇ ಒಣಗಲ್ಲ, ಪೌಚ್ ಒಣಗತ್ತಾ ಮಾರಾಯಾ? ಸ್ಪಿರಿಟ್‌ನಲ್ಲಿ ಒರೆಸು, ಸಾಕು." ಹ್ಯಾಂಡ್‌ಪೀಸ್‌ನಲ್ಲಿ ತಿರುಗುವ ಟರ್ಬೈನ್ ಒಳಗೆ ಸೇರಿದ ಜೊಲ್ಲನ್ನು ಸ್ಪಿರಿಟ್ ಹೇಗೆ ಒರೆಸುತ್ತೆ ಅಂತ ಕೇಳಿದೆ. ಮಾತು ಬದಲಿಸಿದ.

ಬಿ ಕ್ಲಾಸ್ ಮಷಿನ್ (ಮೊದಲು ಒಳಗಿನ ಗಾಳಿಯನ್ನು ಎಳೆದು ತೆಗೆಯುವ ಆಟೋಕ್ಲೇವ್) ಒಂದೂಕಾಲು ಲಕ್ಷದ ಆಚೀಚೆ ಬಿತ್ತು. ಹ್ಯಾಂಡ್‌ಪೀಸ್ ಮೂರರಿಂದ ಎಂಟಕ್ಕೆ ಏರಿಸಿದೆ, ಅದಕ್ಕೆ ಇನ್ನೊಂದು ನಲವತ್ತು ಸಾವಿರ. ಇಷ್ಟಾದರೂ ಜೂನ್ ಬಂತೋ ಇಲ್ಲವೋ, ಅರ್ಧಕ್ಕರ್ಧ ಪೌಚ್ ಒದ್ದೆ. ಒದ್ದೆ ಪೇಪರ್ ಮೂಲಕ ಕ್ರಿಮಿ ಒಳಗೆ ನುಗ್ಗಬಹುದು, ಹಾಗಾಗಿ ಒದ್ದೆ ಪೌಚ್ ಅಂದ್ರೆ ಮತ್ತೆ ಮೊದಲಿಂದ ಸೈಕಲ್. ಮೆಕ್ಯಾನಿಕ್ ಬಂದು ಗ್ಯಾಸ್ಕೆಟ್ ಬದಲಿಸಿ ಬಿಲ್ ಕೊಟ್ಟು ಹೋದ. ಡ್ರೈಯಿಂಗ್ ಟೈಮ್ ಹೆಚ್ಚಿಸಿದರೆ ನಡುವೆ ಕರೆಂಟ್ ಹೋಗುತ್ತಿತ್ತು. ನನ್ನ ಇನ್ವರ್ಟರ್ ಎರಡು ಕಿಲೋವಾಟ್ ಎಳೆಯುವ ಮಷಿನ್‌ಗೆ ಸಾಲದು.

ಕೊನೆಗೆ ಮಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಹೊರಗೆ ಬಂದಾಗ ಪೌಚ್ ಒಣಗಿಯೇ ಇತ್ತು! ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್‌ನ ಒಳಮೈಗೆ ಸಾಸಿವೆ ಗಾತ್ರದ ಹನಿಗಳು. ಮೇಲಿಂದ ಎಸಿ ಗಾಳಿ, ಕೆಳಗೆ ತಣ್ಣನೆಯ ಗ್ರಾನೈಟ್. ತಪ್ಪು ಮಷಿನ್‌ದಲ್ಲ.

ಮಷಿನನ್ನು ಎಸಿ ಇಲ್ಲದ ಹಿಂದಿನ ಕೋಣೆಗೆ ಸಾಗಿಸಿದೆ. ಸೈಕಲ್ ಮುಗಿದ ಮೇಲೆ ಬಾಗಿಲು ಸ್ವಲ್ಪವೇ ತೆರೆದು ಅರ್ಧ ಗಂಟೆ ಬಿಡುತ್ತೇವೆ. ಪೌಚ್ ಮಲಗಿಸಲ್ಲ, ಅಂಚಿನ ಮೇಲೆ ನಿಲ್ಲಿಸುತ್ತೇವೆ, ಒಂದರ ಪೇಪರ್ ಇನ್ನೊಂದರ ಪ್ಲಾಸ್ಟಿಕ್‌ಗೆ ಎದುರಾಗಿ. ಟ್ರೇ ಮುಕ್ಕಾಲಿಗಿಂತ ಜಾಸ್ತಿ ತುಂಬಲ್ಲ. ಹೊರಗೆ ತೆಗೆದದ್ದು ತಂತಿಯ ರ‍್ಯಾಕ್ ಮೇಲೆ, ತಣಿಯುವ ತನಕ ಯಾರೂ ಮುಟ್ಟಬಾರದು. ರ‍್ಯಾಕ್ ಅಳತೆ ಮಾತ್ರ ಹೇಳಲ್ಲ. ಕೋಡಿಬಾಗದ ವೆಲ್ಡರ್ ಜೊತೆ ಕೂತು ಮಾಡಿಸಿದ್ದು ಅದು, ಬೇಕಾದವರು ಬಂದು ನೋಡಲಿ.

ಪೇಪರ್ ಮೇಲೆ ಎಣ್ಣೆ ಕಲೆ ಬರುತ್ತಿದ್ದರೆ, ಎಣ್ಣೆ ಹಾಕಿದ ಮೇಲೆ ಅರ್ಧ ನಿಮಿಷ ಹ್ಯಾಂಡ್‌ಪೀಸ್ ತಿರುಗಿಸಿ, ಆಮೇಲೆ ಪ್ಯಾಕ್ ಮಾಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮಷಿನ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್‌ಗೆ ದುಡ್ಡು ಯಾಕೆ, ಎಸಿಯಿಂದ ಸುಮ್ನೆ ಹರಿದು ಹೋಗುವ ನೀರಿದೆಯಲ್ವಾ? ಹಿಡಿದು ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) ನೋಡಿದರೆ ಬಹಳ ಕಡಿಮೆ. ಖುಷಿಯಾಯ್ತು. ಎರಡು ದಿನ ಬಕೆಟ್‌ನಲ್ಲಿಟ್ಟರೆ ಅಂಚಿಗೆ ಲೋಳೆ, ಮೂಗಿಗೆ ವಾಸನೆ. ಅದು ಗಿಡಕ್ಕೆ ಹೋಯಿತು, ಕ್ಯಾನ್ ಮತ್ತೆ ಬಂತು. ಬಾವಿ ನೀರಿನ ಮಾತಂತೂ ಬೇಡ. ಸಮುದ್ರದ ಹತ್ತಿರದ ಉಪ್ಪು ನೀರಲ್ಲಿ ತೊಳೆದ ಫೋರ್ಸೆಪ್ಸ್ ಕೀಲಿನಲ್ಲೇ ತುಕ್ಕು ಹಿಡಿಯುತ್ತದೆ. ಈಗ ಕೊನೆಯ ಸಲ ಡಿಸ್ಟಿಲ್ಡ್ ನೀರಲ್ಲೇ ಅದ್ದಿ, ಒರೆಸಿ, ಆಮೇಲೆ ಪೌಚ್‌ಗೆ.

ಒಣಗಿದ ಪೌಚ್ ಅಂದ ಮಾತ್ರಕ್ಕೆ ಸ್ಟೆರೈಲ್ ಅಲ್ಲ, ಹಾಗಾಗಿ ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಾಣು ಮಷಿನ್‌ನಲ್ಲಿ ಸತ್ತಿತೇ ಅಂತ ನೋಡುವ ಪರೀಕ್ಷೆ) ಇಡುತ್ತೇನೆ. ಈ ಮಳೆಗಾಲ ಒಂದೂ ಫೇಲ್ ಆಗಿಲ್ಲ. ಒದ್ದೆ ಪೌಚ್ ತಿಂಗಳಿಗೆ ಒಂದೋ ಎರಡೋ. ಶಿರಸಿಯ ಗೆಳೆಯ ಮೊನ್ನೆ ಫೋನ್ ಮಾಡಿ ಮಷಿನ್ ರೇಟ್ ಕೇಳಿದ.